ಅತ್ತೆಯ ಬಾಯಿಗೆ ಹತ್ತಿ ಇಟ್ಟ ದಿನ

ನಮ್ಮ ಅತ್ತೆ ಕಾರಿನಲ್ಲಿ ಕೂತರೆ ಸಾಕು, ಬಾಯಿ ಮುಚ್ಚುವುದಿಲ್ಲ.

ಮನೆಯಲ್ಲಿ ಹಾಗಲ್ಲ. ಇನ್ನೊಂದು ದೋಸೆ ಬೇಕಾ ಅನ್ನುವುದನ್ನೂ ಕಣ್ಣಿನಲ್ಲೇ ಕೇಳುವ ಹೆಂಗಸು. ಫೋನ್ ರಿಂಗಾದರೆ ರಿಸೀವರನ್ನು ಯಾರ ಕೈಗಾದರೂ ದಾಟಿಸಿ ಅಡುಗೆಮನೆ ಸೇರುವವರು. ಆದರೆ ಮಾವ ಕಾರಿನ ಕೀ ತಿರುಗಿಸಿದರೋ, ಶುರು. ‘ರೀ, ರೋಡ್ ಅಂಪು ಬಂತು.’ ‘ಎಡಗಡೆ ಎಮ್ಮೆ ಬತ್ತಾವೆ.’ ‘ಅಗಾ, ಸೈಕಲ್ನೋನು ಬಾಳೆಗೊನೆ ಕಟ್ಕಂಡು ಓಯ್ತಾವ್ನೆ.’ ‘ಅಯ್ಯೋ, ಆ ಮಗೀನ ಯಾಕವ್ವಾ ರೋಡಿಗೆ ಬುಟ್ಟವ್ಳೆ?’ ರಾಮನಾಥಪುರದಿಂದ ಹಾಸನದವರೆಗೂ ಇದೇ ಕಾಮೆಂಟರಿ. ಕ್ರಿಕೆಟ್ಟಿನವರಾದರೂ ಓವರ್ ಮುಗಿದಾಗ ಜಾಹೀರಾತಿಗೆ ಬಿಡುತ್ತಾರೆ. ಇವರದು ಅದೂ ಇಲ್ಲ.

‘ಸುಮ್ನಿರೇ’ ಅನ್ನುತ್ತಾರೆ ಮಾವ. ಅತ್ತೆ ಸುಮ್ಮನಿರುವುದಿಲ್ಲ. ‘ವಯಸ್ಸಾಯ್ತಾ ಆಯ್ತಾ ಬಾಯಿ ಜಾಸ್ತಿ ಆಯ್ತು ಕಣ್ರೀ ಇವ್ಳಿಗೆ’ ಅಂತ ಕನ್ನಡಿಯಲ್ಲಿ ನನ್ನ ಮುಖ ನೋಡಿ ದೂರು ಹೇಳುತ್ತಾರೆ. ಹಿಂದಿನ ಸೀಟಿನಲ್ಲಿ ನಾನು, ನನ್ನ ಹೆಂಡತಿ ಸುಧಾ. ಅವಳಂತೂ ತನ್ನ ತಾಯಿಗೆ ‘ಹಾಸನ ರೇಡಿಯೋ’ ಅಂತ ಹೆಸರಿಟ್ಟು ಎರಡು ವರ್ಷವಾಯಿತು. ನಾನೂ ನಗುತ್ತಿದ್ದೆ. ಹೋದ ತಿಂಗಳವರೆಗೆ.

ಈ ಪುಟಕ್ಕೆ ಹೊಸದಾಗಿ ಬಂದವರಿಗೆ ಒಂದು ಮಾತು. ನಾನು ವಿಮಾನ ರಿಪೇರಿ ಎಂಜಿನಿಯರ್. ವಿಮಾನ ಓಡಿಸುವವನಲ್ಲ. ಊರು ಹೊಳೆನರಸೀಪುರ, ಹೊಟ್ಟೆಪಾಡು ಬೆಂಗಳೂರು. ನಮ್ಮೂರಿನ ಮದುವೆ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಎಲೆಗೆ ಪಾಯಸ ಬಂದಿರುತ್ತದೆ. ‘ಅಂಗಾದ್ರೆ ನೀನು ಮೇಲಕ್ಕೆ ಓಗಕಿಲ್ವಾ?’ ಇಲ್ಲ. ‘ಓ, ಮೆಕ್ಯಾನಿಕ್ಕು’ ಅಂದು ಅವರು ಪಾಯಸದ ಕಡೆ ತಿರುಗಿಬಿಡುತ್ತಾರೆ.

ಈಗ ಟಿಕೆಟ್ ಅಗ್ಗವಾಗಿ ಎಲ್ಲರೂ ವಿಮಾನ ಹತ್ತುವವರೇ. ಹಾಗಾಗಿ ನಿಮ್ಮ ಪ್ರಶ್ನೆಗಳೂ ಜಾಸ್ತಿಯಾಗಿವೆ. ಯಾವ ಸೀಟು ಸೇಫು ಸಾರ್? (ಬೆಲ್ಟ್ ಹಾಕಿಕೊಂಡ ಸೀಟು.) ಮೇಲೇರಿದ ಕೂಡಲೇ ಕಾಲ ಕೆಳಗೆ ಗುಡುಗುಡು ಅಂದು ಧಡ್ ಅನ್ನುತ್ತಲ್ಲ, ಅದೇನು? (ಚಕ್ರ ಒಳಗೆ ಮಡಚಿಕೊಳ್ಳುವ ಶಬ್ದ. ಪಕ್ಕದವರ ಕೈ ಬಿಡಬಹುದು.) ನಿಮ್ಮ ಕೆಲಸದಲ್ಲಿ ಎದೆ ಢವಢವ ಅನ್ನುವುದು ಯಾವಾಗ, ಎಂಜಿನ್ ಬಿಚ್ಚಿದಾಗಲಾ?

ಅಲ್ಲ ಸ್ವಾಮಿ. ವಿಮಾನವನ್ನು ಶೆಡ್ಡಿನೊಳಗೆ ನಿಲ್ಲಿಸುವಾಗ.

ನಗಬೇಡಿ. ಒಂದು ಟ್ರ್ಯಾಕ್ಟರನ್ನು ವಿಮಾನದ ಮೂತಿಗೆ ಕಟ್ಟಿ ನಿಧಾನಕ್ಕೆ ಹಿಂದಕ್ಕೆ ತಳ್ಳುತ್ತೇವೆ. ಓಡಿಸುವವನಿಗೆ ಮೂತಿ ಕಾಣುತ್ತದೆ, ಚಕ್ರ ಕಾಣುತ್ತದೆ. ಅತ್ತ ಇತ್ತ ಚಾಚಿಕೊಂಡಿರುವ ರೆಕ್ಕೆಗಳ ತುದಿ ಮಾತ್ರ ಕಾಣುವುದಿಲ್ಲ. ಅವನು ಎಷ್ಟೇ ಪಳಗಿದವನಾಗಿರಲಿ, ಕಾಣುವುದಿಲ್ಲ. ಅದಕ್ಕೇ ಎರಡೂ ರೆಕ್ಕೆಯ ತುದಿಯಲ್ಲಿ ಒಬ್ಬೊಬ್ಬ ಸೀಟಿ ಹಿಡಿದು ನಡೆಯುತ್ತಾನೆ. ಕಂಬವೋ ಗೋಡೆಯೋ ಹತ್ತಿರ ಬಂತು ಅಂತ ಅನ್ನಿಸಿದರೆ ಊದುತ್ತಾನೆ. ಸೀಟಿ ಕೇಳಿಸಿತೋ, ಟ್ರ್ಯಾಕ್ಟರ್ ಅಲ್ಲೇ ನಿಲ್ಲಬೇಕು. ಯಾಕೆ ಏನು ಅಂತ ಕೇಳುವುದು ಆಮೇಲೆ.

ಒಂದು ಸಲ ಹೀಗೇ ತಳ್ಳುವಾಗ ನಮ್ಮ ಫ್ರಾನ್ಸಿಸ್ ಜೋರಾಗಿ ಸೀಟಿ ಊದಿದ. ನಿಂತಿತು. ಎಲ್ಲರೂ ಓಡಿಹೋಗಿ ನೋಡಿದರೆ ರೆಕ್ಕೆಯ ಹತ್ತಿರ ಏನೂ ಇಲ್ಲ. ಏಣಿಯ ನೆರಳನ್ನು ಏಣಿ ಅಂದುಕೊಂಡಿದ್ದ, ಪುಣ್ಯಾತ್ಮ. ಕೆಲವರು ಕಿಸಕ್ಕನೆ ನಕ್ಕರು. ನಮ್ಮ ಸೀನಿಯರ್ ನಗಲಿಲ್ಲ. ಫ್ರಾನ್ಸಿಸ್‌ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ಕುಡಿಸಿ, ‘ನಾಳೇನೂ ಊದು. ಇವರು ನಕ್ಕರು ಅಂತ ನಿಲ್ಲಿಸಿದೆಯೋ, ನೋಡು ಮತ್ತೆ’ ಅಂದರು. ಸೀಟಿ ಊದಿದವನಿಗೆ ನಮ್ಮಲ್ಲಿ ಯಾರೂ ಬಯ್ಯುವ ಹಾಗಿಲ್ಲ.

ಇರಲಿ, ಅತ್ತೆಯ ಕಥೆಗೆ ಬರುತ್ತೇನೆ.

ಮಾವ ರಾಮನಾಥಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಸುತ್ತಮುತ್ತಲ ಹೊಗೆಸೊಪ್ಪಿನ ರೈತರೆಲ್ಲ ಅವರ ಗಿರಾಕಿಗಳೇ. ಈಗ ಅಂಗಡಿ ನನ್ನ ಭಾಮೈದನ ಕೈಗೆ ಬಂದಿದೆ. ಕಾರು ಮಾತ್ರ ಮಾವನ ಕೈಯಲ್ಲೇ. ಸ್ಟೇರಿಂಗ್ ಪಕ್ಕದಲ್ಲೇ ಗೇರಿರುವ ಹಳೇ ಬಿಳಿ ಕಾರು. ಅದನ್ನು ಬೇರೆ ಯಾರಾದರೂ ಮುಟ್ಟುವುದುಂಟೇ! ‘ನಾನು ಓಡಿಸ್ತೀನಿ ಮಾವ’ ಅಂತ ಒಮ್ಮೆ ಕೇಳಿದ್ದೆ. ‘ಮನೆ ಅಳಿಯನ ಕೈಲಿ ಡ್ರೈವರ್ ಕೆಲ್ಸ ಮಾಡ್ಸಿದ್ರೆ ಊರೋರು ಏನಂದಾರು?’ ಅಂದು ಬಾಯಿ ಮುಚ್ಚಿಸಿದ್ದರು.

ಹೋದ ತಿಂಗಳು, ಶ್ರಾವಣದಲ್ಲಿ, ರಜೆ ಹಾಕಿ ಹೋಗಿದ್ದೆವು. ಅತ್ತೆಗೆ ದವಡೆ ಹಲ್ಲು ನೋವು, ಕೆನ್ನೆ ಊದಿಕೊಂಡಿತ್ತು. ನಾಲ್ವರೂ ಕಾರಿನಲ್ಲಿ ಅರಕಲಗೂಡಿಗೆ ಹೊರಟೆವು. ಹೋಗುವಾಗ ಅಷ್ಟು ನೋವಿನಲ್ಲೂ ಕಾಮೆಂಟರಿ ನಿಲ್ಲಲಿಲ್ಲ. ಡಾಕ್ಟರು ಹಲ್ಲು ಕಿತ್ತು, ಅತ್ತೆಯ ಬಾಯಿಗೆ ಹತ್ತಿ ತುರುಕಿ, ‘ಗಟ್ಟಿಯಾಗಿ ಕಚ್ಚಿಕೊಂಡಿರಿ. ಊರು ಸೇರೋ ತನಕ ಮಾತಾಡಬೇಡಿ’ ಅಂದರು.

ಸುಧಾ ‘ದೇವರಿದ್ದಾನೆ’ ಅಂದಳು. ನಾನೂ, ಡಾಕ್ಟರೂ ನಕ್ಕೆವು.

ಮಾವ ನಗಲಿಲ್ಲ. ‘ಮಾತೇ ಆಡಂಗಿಲ್ವಾ ಸಾ?’ ಅಂತ ಎರಡೆರಡು ಸಲ ಕೇಳಿದರು. ಹೊರಗೆ ಬಂದವರೇ, ‘ಒಂದ್ ಗಳಿಗೆ ಇಲ್ಲೇ ಕೂತಿದ್ದು, ಹತ್ತಿ ತೆಗೆದ್ಮೇಲೆ ಓಗಾಣ’ ಅಂದರು. ಹೆಂಡತಿಯ ಮೇಲೆ ಎಷ್ಟು ಅಕ್ಕರೆ ಅಂದುಕೊಂಡೆ. ಮೋಡ ಕಟ್ಟಿಕೊಂಡು ಬರುತ್ತಿತ್ತು. ‘ಮಳೆ ಬರೋದ್ರೊಳಗೆ ಮನೆ ಸೇರ್ಕೊಳೋಣ ಮಾವ’ ಅಂತ ಹೊರಡಿಸಿದವನು ನಾನೇ.

ದಾರಿಯುದ್ದಕ್ಕೂ ಕಾರು ಆಮೆ ನಡಿಗೆ. ಮಾವನ ಮೂತಿ ಗಾಜಿಗೆ ತಾಗುವಷ್ಟು ಮುಂದೆ. ಪಕ್ಕದಲ್ಲಿ ಅತ್ತೆ ಸೀರೆ ಸೆರಗನ್ನು ಬಾಯಿಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಡ್ಯಾಶ್‌ಬೋರ್ಡ್ ತಟ್ಟುತ್ತಾ ‘ಊಂ, ಊಂ’ ಅನ್ನುತ್ತಿದ್ದಾರೆ. ನೋವಿಗೆ ಪಾಪ ಅನ್ನಿಸಿತು. ‘ಏನ್ಮಾವ, ಇವತ್ತು ರೇಡಿಯೋ ಆಫ್!’ ಅಂದೆ. ಅವರು ತಿರುಗಲೂ ಇಲ್ಲ.

ಆಗ ಎಡಗಡೆಯ ಓಣಿಯಿಂದ ಹಸಿ ಹೊಗೆಸೊಪ್ಪು ಹೇರಿದ ಎತ್ತಿನ ಗಾಡಿಯೊಂದು ರಸ್ತೆಗೆ ಬಂತು. ಬಿಳಿ ಎತ್ತುಗಳು, ಬಣ್ಣ ಬಳಿದ ಕೊಂಬು. ನನಗೆ ದೂರದಿಂದಲೇ ಕಂಡಿತು. ಮಾವನಿಗೂ ಕಂಡಿರುತ್ತದೆ ಅಂತ ಆರಾಮಾಗಿ ಕೂತಿದ್ದೆ. ಕಾರು ನಿಲ್ಲಲಿಲ್ಲ. ಅತ್ತೆ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಬಡಿದರು. ಆಗಲೂ ನಿಲ್ಲಲಿಲ್ಲ. ರಕ್ತದ ಹತ್ತಿಯನ್ನು ಪಕ್ಕಕ್ಕೆ ಉಗಿದು ಕಿರುಚಿದರು:

‘ಗಾಡೀ! ಎಡಗಡೆ! ನಿಲ್ಸೀ!’

ಮಾವ ಬ್ರೇಕ್ ತುಳಿದರು. ನಾನು ಮುಂದಿನ ಸೀಟಿಗೆ ಮೂಗು ಜಜ್ಜಿಸಿಕೊಂಡೆ. ತಲೆಯೆತ್ತಿ ನೋಡಿದರೆ ಎತ್ತಿನ ಉಸಿರಿಗೆ ಅತ್ತೆಯ ಪಕ್ಕದ ಕಿಟಕಿಯ ಗಾಜು ಮಂಜಾಗಿತ್ತು.

‘ಕಣ್ ಕಾಣಾಕಿಲ್ವಾ ಯಜಮಾನ್ರೇ?’ ಅಂತ ಗಾಡಿಯವನು ಕೂಗಿದ. ಎತ್ತಿನ ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗಿ ಹಿಡಿದಿದ್ದ.

‘ಬಿಸ್ಲು ಕಣ್ಗೆ ಒಡೀತು ಕಣಪ್ಪಾ’ ಅಂದರು ಮಾವ. ಆಕಾಶದಲ್ಲಿ ಎಲ್ಲಿಯೂ ಬಿಸಿಲಿರಲಿಲ್ಲ.

ಆಮೇಲೆ ಅತ್ತೆ ಹತ್ತಿಯ ಗೊಡವೆಗೆ ಹೋಗಲಿಲ್ಲ. ಬಾಯಿಂದ ಒಸರುವ ರಕ್ತವನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ, ಊರು ಮುಟ್ಟುವ ತನಕ ತೊದಲು ಮಾತಿನಲ್ಲೇ ಹೇಳುತ್ತಾ ಹೋದರು. ಅಂಪು. ಕರು. ಸೈಕಲ್ಲು. ಮಾವ ‘ಸುಮ್ನಿರೇ’ ಅಂದರು. ಆದರೆ ಬಾಯಲ್ಲಿ ಹಾಗಂದರೂ, ಅತ್ತೆಯ ಒಂದೊಂದು ಮಾತಿಗೂ ಅವರ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು. ಇಷ್ಟು ದಿನ ಕೇಳಿದ್ದೆ, ನಕ್ಕಿದ್ದೆ. ಆ ಕಾಲನ್ನು ನೋಡಿದ್ದು ಅವತ್ತೇ.

ರೆಕ್ಕೆ ತುದಿಯಲ್ಲಿ ಸೀಟಿ ಹಿಡಿದು ನಡೆಯುವವರನ್ನು ದಿನಾ ನೋಡುವ ನನಗೆ, ನಮ್ಮ ಮನೆಯ ಕಾರಿನಲ್ಲಿ ಸೀಟಿ ಊದುತ್ತಿದ್ದವರು ಯಾರು ಅಂತ ಗೊತ್ತಾಗಲಿಲ್ಲವಲ್ಲ! ಏನು ಎಂಜಿನಿಯರೋ ನಾನು.

ಸಂಜೆ ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಗಂಜಿ ಕುಡಿಯುತ್ತಾ ಕೂತಿದ್ದರು. ಹತ್ತಿರ ಹೋಗಿ ಕೂತು ನೇರವಾಗಿ ಕೇಳಿದೆ.

‘ಮಾವನಿಗೆ ಪಕ್ಕದ್ದು ಕಾಣಲ್ಲ ಅಲ್ವಾ ಅತ್ತೆ?’

ಅವರು ಮೊದಲು ಬಾಗಿಲ ಕಡೆ ನೋಡಿದರು. ‘ಮೆತ್ತಗೆ ಮಾತಾಡಿ ಅಳಿಯಂದ್ರೇ’ ಅಂದರು. ಆಮೇಲೆ ಒಂದೊಂದೇ ಬಂತು. ಎಡಗಡೆ ಕಾಫಿ ಲೋಟ ಇಟ್ಟರೆ ಮಾವನ ಕೈ ತಾಗಿ ಉರುಳಿ ಬೀಳುತ್ತಿತ್ತಂತೆ. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದರಂತೆ. ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ, ಪೇಪರ್ ಓದುತ್ತಾರೆ. ಅತ್ತ ಇತ್ತ ಮಾತ್ರ ಕತ್ತಲು.

‘ಅವರೇ ಹೇಳಿದ್ರಾ?’

‘ಅವ್ರು ಏಳಿಲ್ಲ. ನಾನೂ ಕೇಳಿಲ್ಲ. ಗಂಡಸ್ರಿಗೆ ಕಾಣಾಕಿಲ್ವಾ ಅಂತ ಎಂಗೆ ಕೇಳದು? ಅದ್ಕೇ ಸುಮ್ಕೆ ಮಾತಾಡ್ದಂಗೆ ಮಾತಾಡ್ತಾ ಓಯ್ತೀನಿ.’ ಲೋಟ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. ‘ಕೀ ಮಾತ್ರ ಕಿತ್ಕಬೇಡಿ. ಅಂಗ್ಡಿ ಮಗಂಗೆ ಬುಟ್ಬುಟ್ರು. ಅವ್ರಿಗೆ ಅಂತ ಉಳ್ದಿರೋದು ಆ ಕಾರೊಂದೇ. ಅದೂ ಓದ್ರೆ ಮಂಕಾಗ್ಬುಡ್ತಾರೆ. ನಾನ್ ಪಕ್ಕದಾಗೆ ಇರ್ತೀನಲ್ಲ.’

‘ಇವತ್ತು ನಿಮ್ಮ ಬಾಯಲ್ಲಿ ಹತ್ತಿ ಇತ್ತಲ್ಲ ಅತ್ತೆ’ ಅಂದೆ. ಅವರು ಕಣ್ಣೊರೆಸಿಕೊಂಡರು.

ಸುಧಾಗೆ ಹೇಳಿದೆ. ಮೊದಲು ಅತ್ತಳು. (ರೇಡಿಯೋ ಅಂತ ಹೆಸರಿಟ್ಟವಳು ಅವಳೇ ತಾನೇ.) ಆಮೇಲೆ ಸಿಟ್ಟಾದಳು. ‘ಕೀ ಬಚ್ಚಿಟ್ಟುಬಿಡೋಣ. ಕಳೆದುಹೋಯ್ತು ಅಂದ್ರಾಯ್ತು.’ ನಾನು ಒಪ್ಪಲಿಲ್ಲ. ಟ್ರ್ಯಾಕ್ಟರಿನವನಿಗೆ ರೆಕ್ಕೆ ತುದಿ ಕಾಣುವುದಿಲ್ಲ ಅಂತ ನಾವು ಅವನ ಕೀ ಕದಿಯುವುದಿಲ್ಲ. ಅವನ ಕಿವಿಗೆ ಬೀಳುವ ಹಾಗೆ ಸೀಟಿ ಊದುತ್ತೇವೆ. ಬಾಯಿಮಾತಿಗೆ ಇದು ಸುಲಭ. ಮಾವನ ಎದುರು ಊದುವವರು ಯಾರು? ‘ದಿನಾ ವಿಮಾನ ನಿಲ್ಲಿಸ್ತೀನಿ ಅಂತ ಜಂಬ ಕೊಚ್ಕೋತೀರಲ್ಲ, ಒಂದು ಕಾರು ನಿಲ್ಲಿಸಿ ನೋಡೋಣ’ ಅಂದಳು ಸುಧಾ.

ಮಾರನೆಯ ಬೆಳಿಗ್ಗೆ ಮಾವ ಎಂದಿನಂತೆ ಕಡಲೆಪುರಿ ಪೊಟ್ಟಣ ಹಿಡಿದು ಕಾವೇರಿ ಮೆಟ್ಟಿಲಿಗೆ ಹೊರಟರು, ಮೀನಿಗೆ ಹಾಕಲು. ಜೊತೆಗೆ ಹೋದೆ. ಮೆಟ್ಟಿಲ ಮೇಲೆ ಕೂತು, ಧೈರ್ಯ ಸಾಲದೆ, ನಮ್ಮ ಶೆಡ್ಡಿನ ಕಥೆ ತೆಗೆದೆ. ಟ್ರ್ಯಾಕ್ಟರು, ರೆಕ್ಕೆ, ಸೀಟಿ, ಫ್ರಾನ್ಸಿಸ್, ಎಲ್ಲ. ಮಾವ ಒಂದೊಂದೇ ಹಿಡಿ ಪುರಿ ಎಸೆಯುತ್ತಾ ಕೇಳಿಸಿಕೊಂಡರು.

‘ಕಾಣಲ್ಲ ಅಂತ ಟ್ಯಾಕ್ಟ್ರು ಓಡ್ಸೋನು ಒಪ್ಕತಾನಾ?’

‘ಒಪ್ಕೊಂಡೇ ಸೀಟ್ ಹತ್ತೋದು ಮಾವ. ಅದರಲ್ಲಿ ನಾಚಿಕೆ ಏನು?’

ಮೀನುಗಳು ಪುರಿಗೆ ಮುಗಿಬೀಳುತ್ತಿದ್ದವು. ಮಾವ ಇನ್ನೊಂದು ಹಿಡಿ ಎಸೆದರು.

‘ಈಗ ನೀವು ನಂಗೆ ಸೀಟಿ ಊದ್ತಾ ಇದೀರಿ ಅನ್ನಿ.’

‘ಹೂಂ ಮಾವ. ನಿನ್ನೆ ಆ ಗಾಡಿಯವನು ಉಳಿದಿದ್ದು ದೊಡ್ಡದು. ಅವನಿಗೂ ಹೆಂಡತಿ ಮಕ್ಕಳಿರ್ತಾರೆ.’

ರೇಗುತ್ತಾರೆ ಅಂದುಕೊಂಡಿದ್ದೆ. ರೇಗಲಿಲ್ಲ.

‘ರಾತ್ರಿ ಎಲ್ಲಾ ಅವ್ನ್ ಮಕಾನೇ ಕಣ್ಮುಂದೆ’ ಅಂದರು. ‘ನಂಗ್ಯಾಕ್ ಕಾರು ಏಳಿ? ಅಂಗ್ಡಿಗೆ, ದೇವಸ್ಥಾನಕ್ಕೆ ನಡ್ಕಂಡೇ ಓಯ್ತೀನಿ. ಇವ್ಳಿಗೆ ಬಸ್ಸು ಆಗಲ್ಲ ಕಣ್ರೀ. ಮದ್ವೆ ಆದ ಹೊಸದ್ರಲ್ಲಿ ಚನ್ನರಾಯಪಟ್ಣಕ್ಕೆ ಅವ್ಳ ಅಕ್ಕನ ಮನೆಗೆ ಬಸ್ಸಲ್ಲಿ ಕರ್ಕಂಡೋದೆ. ವಾಂತಿ ಮಾಡ್ಕಂಡು ಮಾಡ್ಕಂಡು ಒಳೆನರಸೀಪುರ ಮುಟ್ಟಾ ಒತ್ಗೆ ಅರ್ಧ ಜೀವ ಆಗೋಗಿದ್ಲು. ಸಾಲ ಸೋಲ ಮಾಡಿ ಕಾರ್ ತಗಂಡಿದ್ದೇ ಅದ್ಕೆ. ನಾನ್ ಬುಟ್ಬುಟ್ರೆ ಅವ್ಳು ಎಲ್ಗೂ ಓಗಲ್ಲ, ಮನೇಲೇ ಕೂತ್ಬುಡ್ತಾಳೆ. ಎಂಗೋ, ಅವ್ಳು ಬಾಯ್ಬಡ್ಕಿ ಆಗಿದ್ದು ಒಳ್ಳೇದಾಯ್ತು. ಅವ್ಳ ಮಾತ್ ಇಡ್ಕಂಡೇ ದಾರಿ ನೋಡ್ತಿದ್ದೆ. ಪಾಪ, ಅವ್ಳಿಗೇನ್ ಗೊತ್ತು.’

ಆಹಾ, ನೋಡಿ ಈ ಜೋಡಿಯನ್ನು! ಗಂಡ ಮಂಕಾಗದಿರಲಿ ಅಂತ ಇವರು ಮಾತಾಡುವುದು. ಹೆಂಡತಿ ಮನೆಯಲ್ಲೇ ಕೂರದಿರಲಿ ಅಂತ ಅವರು ಓಡಿಸುವುದು. ಮಧ್ಯದಲ್ಲಿ ರಸ್ತೆಯ ಎಮ್ಮೆ, ಕರು, ಸೈಕಲ್ಲಿನವರ ಜೀವ ದೇವರ ಮೇಲೆ ಭಾರ.

ಮಾವ ಉಳಿದ ಪುರಿಯನ್ನೆಲ್ಲ ಒಂದೇ ಸಲಕ್ಕೆ ಹೊಳೆಗೆ ಸುರಿದು, ಜೇಬಿನಿಂದ ಕೀ ತೆಗೆದು ನನ್ನ ಅಂಗೈಗಿಟ್ಟರು. ‘ಅವ್ಳಿಗೆ ಮಾತ್ರ ಏಳ್ಬೇಡಿ, ನಂಗ್ ಕಣ್ ಕಾಣಲ್ಲ ಅಂತ. ಎದೆ ಒಡ್ಕತಾಳೆ.’

ಎರಡು ಕಡೆಯ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ‘ಕನ್ನಡಕ ಬದಲಾಯಿಸಬೇಕು’ ಅನ್ನುವ ನೆಪದಲ್ಲಿ ಮರುದಿನವೇ ಎಲ್ಲರನ್ನೂ ಹಾಸನಕ್ಕೆ ಹೊರಡಿಸಿದೆ. ಮಾವ ಅಭ್ಯಾಸಬಲದಿಂದ ಬಲಗಡೆಯ ಬಾಗಿಲು ತೆಗೆದರು. ಒಂದು ಕ್ಷಣ ನಿಂತರು. ಮತ್ತೆ ಮೆಲ್ಲಗೆ ಮುಚ್ಚಿ, ಬಾನೆಟ್ಟಿನ ಮೇಲೆ ಕೈಯಾಡಿಸಿಕೊಂಡು ಸುತ್ತಿ ಬಂದು ಎಡಗಡೆ ಕೂತರು. ಅತ್ತೆ, ಸುಧಾ ಹಿಂದೆ. ‘ಅಪ್ಪಂಗೆ ಸೊಂಟ ಹಿಡ್ಕೊಂಡಿದೆ, ಅದಕ್ಕೇ ಇವರು ಓಡಿಸ್ತಾರೆ’ ಅಂತ ಸುಧಾ ಯಾರೂ ಕೇಳದಿದ್ದರೂ ಹೇಳಿದಳು.

ಕಣ್ಣಿನ ಡಾಕ್ಟರ ಕೋಣೆಗೆ ನಾನು, ಮಾವ ಇಬ್ಬರೇ ಹೋದೆವು. ಗ್ಲಕೋಮಾ ಅಂದರು. ಕಣ್ಣಿನೊಳಗಿನ ಒತ್ತಡ ಏರಿ ಪಕ್ಕದ ನೋಟವನ್ನು ಸದ್ದಿಲ್ಲದೆ ತಿನ್ನುತ್ತಾ ಬರುತ್ತದಂತೆ. ಹೋದ ನೋಟ ಬರುವುದಿಲ್ಲ. ಹನಿ ಬಿಡುತ್ತಿದ್ದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಡ್ರೈವಿಂಗ್ ಖಂಡಿತ ಬೇಡ. ಮಾವ ತಲೆಯಾಡಿಸಿ, ಹನಿ ಬಾಟಲಿಯನ್ನು ಜೇಬಿಗಿಳಿಸಿದರು, ಮೊದಲು ಕೀ ಇರುತ್ತಿದ್ದ ಜೇಬಿಗೆ.

(ನಲವತ್ತು ದಾಟಿದ ಓದುಗರೇ, ನಿಮಗೂ ಹೇಳುತ್ತಿದ್ದೇನೆ. ನಮ್ಮ ಕೆಲಸದಲ್ಲಿ ಕಣ್ಣು ತೋರಿಸಿಕೊಳ್ಳದೆ ವಿಮಾನ ಮುಟ್ಟಲು ಬಿಡುವುದಿಲ್ಲ. ನೀವು ಸ್ಕೂಟರ್ ಸರ್ವೀಸಿಗೆ ಬಿಡುತ್ತೀರಿ, ಮಿಕ್ಸಿ ರಿಪೇರಿ ಮಾಡಿಸುತ್ತೀರಿ. ಕಣ್ಣಿನ ಒತ್ತಡ ನೋಡಿಸಿಕೊಂಡಿದ್ದೀರಾ? ನಾಳೆ ಅನ್ನಬೇಡಿ, ಹೋಗಿ.)

ವಾಪಸ್ ಹೊರಟೆವು. ಭಾಮೈದ ಡ್ರೈವಿಂಗ್ ಕಲಿತುಕೊಳ್ಳಬೇಕು, ಅಲ್ಲಿಯವರೆಗೆ ಊರಿನ ಟ್ಯಾಕ್ಸಿ ಹುಡುಗನಿಗೆ ಹೇಳಬೇಕು, ಚನ್ನರಾಯಪಟ್ಟಣದ ಅಕ್ಕನ ಮನೆಗೆ ಈ ಹಬ್ಬಕ್ಕೂ ಅತ್ತೆ ಹೋಗಲೇಬೇಕು ಅಂತ ಸುಧಾ ಹಿಂದೆ ಪ್ಲಾನ್ ಹಾಕುತ್ತಿದ್ದಳು. ಅವಳ ಮಾತೂ ಮುಗಿಯಿತು. ಕಟ್ಟಾಯದ ಕಡೆಯ ಹೊಲಗಳು ಬಂದವು.

ಹಂಪ್ ಬಂತು. ಅತ್ತೆ ಮಾತಾಡಲಿಲ್ಲ. ಎಮ್ಮೆಗಳು ಬಂದವು. ಮಾತಾಡಲಿಲ್ಲ. ಮಾವ ಚಡಪಡಿಸತೊಡಗಿದರು. ಎದುರಿನ ರಸ್ತೆ ನೋಡುವುದು, ಕತ್ತು ಹೊರಳಿಸುವುದು, ಮತ್ತೆ ಎದುರಿಗೆ ನೋಡುವುದು.

‘ಏನೇ, ಇನ್ನೂವೆ ಹತ್ತಿ ಕಚ್ಕಂಡಿದೀಯಾ?’

ಹಿಂದಿನಿಂದ ಅತ್ತೆ ಸಹಜವಾಗಿ, ಯೋಚನೆಯೇ ಮಾಡದೆ ಅಂದುಬಿಟ್ಟರು. ‘ಅಳಿಯಂದ್ರು ಓಡಿಸ್ತಾವ್ರಲ್ಲ. ಅವ್ರಿಗೆ ಕಾಣ್ತದೆ.’

ನನ್ನ ಕಾಲು ತಾನಾಗಿಯೇ ಆಕ್ಸಿಲರೇಟರ್ ಬಿಟ್ಟಿತು. ಬಾಯಿಂದ ಏನು ಬಿತ್ತು ಅಂತ ಅತ್ತೆಗೆ ಆಗ ಹೊಳೆದಿರಬೇಕು. ಕನ್ನಡಿಯಲ್ಲಿ ನೋಡಿದೆ. ಸೆರಗು ಬಾಯಿಗೆ ಹೋಗಿತ್ತು.

ಮಾವ ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡುತ್ತಾ ಕೂತರು. ಎರಡು ವರ್ಷದ ಎಮ್ಮೆ, ಕರು, ಸೈಕಲ್ಲುಗಳೆಲ್ಲ ಅವರ ತಲೆಯಲ್ಲಿ ಒಂದೊಂದಾಗಿ ಹಾದುಹೋಗುತ್ತಿದ್ದವೋ ಏನೋ. ಆಮೇಲೆ, ನಾನು ಅವರ ಬಾಯಲ್ಲಿ ಎಂದೂ ಕೇಳದ ಮೆತ್ತನೆಯ ದನಿಯಲ್ಲಿ ಅಂದರು:

‘ನಂಗ್ ಕಾಣಲ್ವಲ್ಲೇ. ನಂಗೇಳು.’

ಹಿಂದೆ ಸ್ವಲ್ಪ ಹೊತ್ತು ಮೂಗು ಸೀಟುವ ಸದ್ದು. ಆಮೇಲೆ ಅತ್ತೆ ಮುಂದಕ್ಕೆ ಬಾಗಿ, ಮಾವನ ಭುಜದ ಹತ್ತಿರ ಬಾಯಿಟ್ಟು ಶುರುಮಾಡಿದರು. ‘ಎಡಗಡೆ ರಾಗಿ ಹೊಲ. ಚೆಂದಾಗ್ ಬಂದೈತೆ. ಅದ್ರಾಚೆ ಹೊಂಗೆ ಮರ... ಅಗಾ, ಮರದ್ ಕೆಳ್ಗೆ ಇಬ್ರು ಹೆಂಗಸ್ರು ಬುತ್ತಿ ಬಿಚ್ತಾವ್ರೆ. ಒಬ್ಳದು ಕೆಂಪು ಸೀರೆ, ನಮ್ ಅಕ್ಕನ ತವು ಐತಲ್ಲ, ಅಂತದೇ...’

ರಾಮನಾಥಪುರ ಬರುವ ತನಕ ಅವರು ನಿಲ್ಲಿಸಲಿಲ್ಲ. ಮಾವ ಒಂದು ಸಲವೂ ‘ಸುಮ್ನಿರೇ’ ಅನ್ನಲಿಲ್ಲ.

ಅಂದಹಾಗೆ, ನಿಮ್ಮ ಪಕ್ಕದಲ್ಲಿ ಕೂತು ಬಿಡದೆ ಮಾತಾಡುತ್ತಾರಲ್ಲ, ಅವರಿಗೆ ಇವತ್ತು ಎಷ್ಟು ಸಲ ‘ಸುಮ್ನಿರು’ ಅಂದಿರಿ?